ಹಡಗಿನ 440 ವೋಲ್ಟ್ ಜಾಲದಲ್ಲಿ ಅರ್ಥ್ ಫಾಲ್ಟ್: ದೋಷ ನಿವಾರಣೆ ಕೈಪಿಡಿ

ಮುಖ್ಯ ಸ್ವಿಚ್‌ಬೋರ್ಡ್‌ನಲ್ಲಿ ಇನ್ಸುಲೇಶನ್ ಅಲಾರಂ ಬಂದಿದೆ. ಯಾವ ಬ್ರೇಕರೂ ಟ್ರಿಪ್ ಆಗಿಲ್ಲ, ಯಾವ ಪಂಪೂ ನಿಂತಿಲ್ಲ, ದೀಪಗಳೆಲ್ಲ ಉರಿಯುತ್ತಿವೆ. ಏನೂ ನಿಲ್ಲದ ಕಾರಣಕ್ಕೇ ಈ ಅಲಾರಂ ಒತ್ತಿ ಬಿಟ್ಟುಬಿಡುವುದು ಅನೇಕ ಕಡೆ ರೂಢಿಯಾಗಿದೆ. ಹಾಗೆ ಬಿಡಬಾರದು. ಅರ್ಥ್ ಫಾಲ್ಟ್ ಅಂದರೆ ವಿದ್ಯುತ್ ತಂತಿ ಹಡಗಿನ ಮೈಗೆ ತಾಗುವುದು, ಇಲ್ಲವೇ ಅದಕ್ಕೆ ಕರೆಂಟು ಸೋರುವುದು. ಮೊದಲ ಅರ್ಥ್ ಫಾಲ್ಟ್ ನಮಗೆ ಕೊಡುವುದು ಕಾಲಾವಕಾಶ. ಎರಡನೆಯದು ಬರುವುದರೊಳಗೆ ಮೊದಲನೆಯದನ್ನು ಹುಡುಕಿ ತೆಗೆಯಬೇಕು.

ಕಾರಣ ಹೀಗೆ. ಹಡಗಿನ 440 ವೋಲ್ಟ್, 60 ಹರ್ಟ್ಸ್ ಜಾಲದಲ್ಲಿ ಸಾಮಾನ್ಯವಾಗಿ ಮೂರು ಫೇಸ್ (ಆರ್, ಎಸ್, ಟಿ), ಮೂರು ತಂತಿ. ಜನರೇಟರಿನ ನ್ಯೂಟ್ರಲ್ ಅನ್ನು ಹಲ್‌ಗೆ, ಅಂದರೆ ಹಡಗಿನ ಉಕ್ಕಿನ ಮೈಗೆ, ಕಟ್ಟಿರುವುದಿಲ್ಲ. ಆದ್ದರಿಂದ ಒಂದು ಫೇಸ್ ಹಲ್‌ಗೆ ತಾಗಿದರೂ ಕರೆಂಟು ಮರಳಿ ಹೋಗಲು ನೇರ ದಾರಿಯಿಲ್ಲ, ಯಂತ್ರ ಓಡುತ್ತಲೇ ಇರುತ್ತದೆ. ಸ್ಟಿಯರಿಂಗ್ ಗೇರ್ (ಚುಕ್ಕಾಣಿ ತಿರುಗಿಸುವ ಯಂತ್ರ) ಒಂದು ಸಣ್ಣ ಸೋರಿಕೆಗೆ ನಿಂತುಹೋಗಬಾರದು ಎಂಬುದೇ ಈ ವ್ಯವಸ್ಥೆಯ ಉದ್ದೇಶ. ಆದರೆ ಮೊದಲ ಫಾಲ್ಟ್ ಆರ್ ಫೇಸ್‌ನಲ್ಲಿದ್ದು, ಹಡಗಿನ ಇನ್ನೊಂದು ತುದಿಯಲ್ಲಿ ಎಸ್ ಫೇಸ್ ಹಲ್‌ಗೆ ತಾಗಿದರೆ ಅದು ಹಲ್ ಮೂಲಕ ಆದ ಫೇಸ್-ಟು-ಫೇಸ್ ಶಾರ್ಟ್. ಎರಡು ಫೀಡರುಗಳಲ್ಲಿ (ಸ್ವಿಚ್‌ಬೋರ್ಡಿನಿಂದ ಯಂತ್ರಗಳಿಗೆ ಕರೆಂಟು ಒಯ್ಯುವ ಸರ್ಕ್ಯೂಟುಗಳಲ್ಲಿ) ಯಾವುದು ಮೊದಲು ಬೀಳುತ್ತದೆಂದು ಹೇಳಲಾಗದು. ಒಂದು ಗ್ಯಾಲಿಯ, ಅಂದರೆ ಹಡಗಿನ ಅಡುಗೆಮನೆಯ, ಒಲೆಯದ್ದು, ಇನ್ನೊಂದು ಸ್ಟಿಯರಿಂಗ್ ಮೋಟರಿನದ್ದು ಆಗಿದ್ದರೆ, ಬೀಳುವುದು ಸ್ಟಿಯರಿಂಗ್ ಬ್ರೇಕರ್ ಆಗಿರಬಹುದು. ನೆಲದಿಂದ ಬೇರ್ಪಟ್ಟ ಜಾಲದಲ್ಲಿ ಇನ್ಸುಲೇಶನ್ ಮಟ್ಟವನ್ನು ಸದಾ ಅಳೆದು, ಇಳಿದಾಗ ಎಚ್ಚರಿಸುವ ಸಾಧನ ಇರಲೇಬೇಕೆಂದು ಸೋಲಾಸ್ (ಸಮುದ್ರದಲ್ಲಿ ಜೀವ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ಅಧ್ಯಾಯ 2-1ರ 45ನೇ ನಿಯಮ ಹೇಳುವುದು ಇದಕ್ಕೇ.

‘ನ್ಯೂಟ್ರಲ್ ಅರ್ಥ್ ಆಗಿಲ್ಲ, ಹಾಗಾಗಿ ಒಂದೇ ತಂತಿ ಮುಟ್ಟಿದರೆ ಶಾಕ್ ಹೊಡೆಯದು’ ಎಂಬ ನಂಬಿಕೆಯನ್ನು ಇಲ್ಲಿಯೇ ಬಿಟ್ಟುಬಿಡಿ. ಕಿಲೋಮೀಟರುಗಟ್ಟಲೆ ಕೇಬಲ್ಲು, ಡ್ರೈವ್‌ಗಳೊಳಗಿನ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನಗಳೊಳಗಿನ) ಫಿಲ್ಟರ್ ಕೆಪ್ಯಾಸಿಟರುಗಳು ಎಲ್ಲ ಸೇರಿ ಜಾಲಕ್ಕೂ ಹಲ್‌ಗೂ ನಡುವೆ ದೊಡ್ಡ ಕೆಪ್ಯಾಸಿಟೆನ್ಸ್ ಇರುತ್ತದೆ. ಅದರ ಮೂಲಕ ಹರಿಯುವ ಕರೆಂಟು ಮನುಷ್ಯನನ್ನು ಕೊಲ್ಲಲು ಸಾಕು. ಒಂದು ಫೇಸ್ ಆಗಲೇ ಅರ್ಥ್ ಆಗಿದ್ದರಂತೂ ಉಳಿದೆರಡು ಫೇಸ್‌ಗಳು ಹಲ್‌ಗೆ ಪೂರ್ತಿ 440 ವೋಲ್ಟ್‌ನಲ್ಲಿರುತ್ತವೆ.

ದೀಪ ಏನು ಹೇಳುತ್ತದೆ, ಮೀಟರ್ ಏನು ಹೇಳುತ್ತದೆ

ಪ್ಯಾನೆಲ್ ಮೇಲೆ ಮೂರು ಅರ್ಥ್ ದೀಪ, ಪಕ್ಕದಲ್ಲಿ ಮೆಗಾಓಮ್ ಮೀಟರ್ ಇರುತ್ತದೆ. ಇವೆರಡೂ ಒಂದೇ ಸಂಗತಿಯನ್ನು ಹೇಳುವುದಿಲ್ಲ.

ದೀಪಗಳು ಸ್ಟಾರ್ ಜೋಡಣೆಯಲ್ಲಿದ್ದು, ಬಟನ್ ಒತ್ತಿದಾಗ ಅವುಗಳ ನಡುಬಿಂದು ಹಲ್‌ಗೆ ಸೇರುತ್ತದೆ. ಎಲ್ಲ ಸರಿಯಿದ್ದರೆ ಮೂರಕ್ಕೂ 254 ವೋಲ್ಟ್, ಮೂರೂ ಒಂದೇ ಸಮ. ಒಂದು ಫೇಸ್ ಪೂರ್ತಿ ಅರ್ಥ್ ಆದರೆ ಅದರ ದೀಪ ಆರುತ್ತದೆ, ಉಳಿದೆರಡು 440 ವೋಲ್ಟ್‌ಗೆ ಏರಿ ಪ್ರಖರವಾಗುತ್ತವೆ. ಇದು ಎಲ್ಲರಿಗೂ ಗೊತ್ತು. ಹಲವರು ಗಮನಿಸದ ಮೂರು ಸಂಗತಿ ಇವೆ.

ಮೊದಲನೆಯದು, ದೀಪ ಸೂಕ್ಷ್ಮವಲ್ಲ. 254 ವೋಲ್ಟ್‌ನಲ್ಲಿ 25 ವ್ಯಾಟ್ ಉರಿಯುವ ಬಲ್ಬಿನ ರೋಧ ಸುಮಾರು 2,600 ಓಮ್. ಅದಕ್ಕೆ ಸಮಾಂತರವಾಗಿ 20,000 ಓಮ್‌ನ ಸೋರಿಕೆ ಬಂದರೆ ಕಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. 20,000 ಓಮ್ ಅಂದರೆ 0.02 ಮೆಗಾಓಮ್, ಮೀಟರಿನಲ್ಲಿ ಅದು ಗಂಭೀರ ಫಾಲ್ಟ್. ದೀಪ ಮೂರೂ ಸಮ ಇವೆ, ಮೀಟರೇ ಕೆಟ್ಟಿರಬೇಕು ಎಂದು ತೀರ್ಮಾನಿಸುವುದು ಇಲ್ಲಿಯೇ ತಪ್ಪುತ್ತದೆ. ಹಳೆಯ ಬಲ್ಬ್ ಹೋದಾಗ ಅದರ ಜಾಗಕ್ಕೆ ಎಲ್‌ಇಡಿ ಹಾಕಬೇಡಿ. ಒಳಗಿನ ಡ್ರೈವರ್ ವೋಲ್ಟೇಜ್ ಏರಿಳಿದರೂ ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿದಿಡಬಹುದು, ಆಗ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ.

ಎರಡನೆಯದು, ಒಂದು ದೀಪ ಎದ್ದು ಕಾಣುವಷ್ಟು ಪ್ರಖರವಾಗಿ, ಉಳಿದೆರಡು ಸಮಸಮನಾಗಿ ತುಸು ಮಂಕಾಗಿದ್ದರೆ ಫಾಲ್ಟ್ ತಂತಿಯಲ್ಲಿಲ್ಲ, ಎರಡು ಫೇಸ್‌ಗಳ ನಡುವೆ ಕೂತ ಲೋಡಿನ ಮಧ್ಯದಲ್ಲಿದೆ. ಆರ್ ಮತ್ತು ಎಸ್ ನಡುವಿನ ಹೀಟರ್ ಎಲಿಮೆಂಟ್ ನಟ್ಟನಡುವೆ ಸೋರಿದರೆ ಆ ಎರಡು ದೀಪಕ್ಕೆ 220 ವೋಲ್ಟ್, ಟಿ ದೀಪಕ್ಕೆ ಸುಮಾರು 380 ವೋಲ್ಟ್ ಸಿಗುತ್ತದೆ. ಈ ನಮೂನೆ ಕಂಡರೆ ನೇರವಾಗಿ ಹೀಟರುಗಳ ಕಡೆ ಹೋಗಿ.

ಮೂರನೆಯದು, ಸ್ಟಾರ್ ಜೋಡಣೆಯ ಮೋಟರ್ ಅಥವಾ ಹೀಟರಿನ ಸ್ಟಾರ್ ಪಾಯಿಂಟ್ ಹತ್ತಿರ ಸೋರಿಕೆ ಇದ್ದರೆ, ಇಲ್ಲವೇ ಮೂರೂ ಫೇಸ್ ಒಟ್ಟಿಗೆ ತೇವಗೊಂಡಿದ್ದರೆ, ದೀಪಗಳು ಸಮವಾಗಿಯೇ ಉರಿಯುತ್ತವೆ. ಅಲ್ಲಿ ಮೀಟರ್ ಒಂದೇ ಆಧಾರ.

ಇನ್ನು ಮೀಟರ್. ಅದು ಜಾಲಕ್ಕೆ ಸಣ್ಣ ಡಿಸಿ ಅಥವಾ ಪಲ್ಸ್ ವೋಲ್ಟೇಜ್ ಕೊಟ್ಟು, ಹಲ್‌ಗೆ ಸೋರುವ ಕರೆಂಟನ್ನು ಅಳೆಯುತ್ತದೆ. ಅದು ತೋರಿಸುವುದು ಇಡೀ ಜಾಲದ ಎಲ್ಲ ಸರ್ಕ್ಯೂಟುಗಳ ಸಮಾಂತರ ಮೊತ್ತ. ತಲಾ 10 ಮೆಗಾಓಮ್ ಇರುವ ನೂರು ಸರ್ಕ್ಯೂಟ್ ಸೇರಿದರೆ ಮೀಟರ್ 0.1 ತೋರಿಸುತ್ತದೆ. ಅಲ್ಲಿ ಒಂದೂ ಕೆಟ್ಟ ಸರ್ಕ್ಯೂಟ್ ಇರುವುದಿಲ್ಲ! ಆದ್ದರಿಂದ ಮೀಟರಿನ ಒಂದು ಸಂಖ್ಯೆಗಿಂತ, ನಿನ್ನೆಯಿಂದ ಇವತ್ತಿಗೆ ಅದು ಎಷ್ಟು ಬದಲಾಯಿತು ಎಂಬುದೇ ಮುಖ್ಯ. ಪ್ರತಿ ವಾಚ್‌ನಲ್ಲಿ (ಕೆಲಸದ ಪಾಳಿಯಲ್ಲಿ) ರೀಡಿಂಗ್ ಬರೆದಿಡುವ ಹಡಗಿನಲ್ಲಿ ಹುಡುಕಾಟ ಅರ್ಧ ಮುಗಿದಂತೆಯೇ.

ಸುಳ್ಳು ಅಲಾರಂಗೂ ಕಾರಣಗಳಿವೆ. ದೀಪಗಳು ನೇರ ಜೋಡಣೆಯಲ್ಲಿದ್ದರೆ ಟೆಸ್ಟ್ ಬಟನ್ ಒತ್ತಿದಷ್ಟು ಹೊತ್ತು ಮೀಟರ್ ಸೊನ್ನೆಯತ್ತ ಬೀಳುತ್ತದೆ. ಬಟನ್ ಸಿಕ್ಕಿಹಾಕಿಕೊಂಡರೆ ಅದೇ ಅಲಾರಂ. ಡ್ರೈಡಾಕ್‌ನಲ್ಲಿ ದಡದ ಕರೆಂಟು ತೆಗೆದುಕೊಂಡಾಗ ಆ ಕಡೆಯ ನ್ಯೂಟ್ರಲ್ ಅರ್ಥ್ ಆಗಿದ್ದರೆ ಮೀಟರ್ ಸೊನ್ನೆ ತೋರಿಸುವುದು ಸಹಜ. ಒಂದೇ ಜಾಲದಲ್ಲಿ ಎರಡು ಮಾನಿಟರ್ ಏಕಕಾಲಕ್ಕೆ ಚಾಲೂ ಇದ್ದರೆ ಒಂದನ್ನೊಂದು ಫಾಲ್ಟ್ ಎಂದು ಓದುತ್ತವೆ. ಎಮರ್ಜೆನ್ಸಿ ಸ್ವಿಚ್‌ಬೋರ್ಡ್ ಮುಖ್ಯ ಬೋರ್ಡಿನಿಂದಲೇ ಉಣ್ಣುತ್ತಿರುವಾಗ ಎರಡೂ ಕಡೆ ಅಲಾರಂ ಬಂದರೆ ಅದು ಒಂದೇ ಫಾಲ್ಟ್. ಹಾಗೆಯೇ 220 ವೋಲ್ಟ್ ಜಾಲ ಟ್ರಾನ್ಸ್‌ಫಾರ್ಮರಿನ ಆಚೆ ಇರುವುದರಿಂದ ಅಲ್ಲಿನ ಫಾಲ್ಟ್ 440ರ ಮೀಟರಿನಲ್ಲಿ ಕಾಣುವುದಿಲ್ಲ. ಯಾವ ಪ್ಯಾನೆಲ್‌ನ ಅಲಾರಂ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಬ್ರೇಕರ್ ಮುಟ್ಟುವ ಮೊದಲು

ಅಲಾರಂ ಬಂದ ಹೊತ್ತಿಗೆ ಏನು ಬದಲಾಯಿತು? ಈ ಪ್ರಶ್ನೆಗೆ ಹತ್ತು ನಿಮಿಷ ಕೊಟ್ಟರೆ ಒಂದು ದಿನದ ಅಲೆದಾಟ ಉಳಿಯುತ್ತದೆ. ಅಲಾರಂ ಲಾಗ್‌ನಲ್ಲಿ ನಿಖರ ಸಮಯ ನೋಡಿ, ಅದೇ ನಿಮಿಷದಲ್ಲಿ ಯಾವ ಪಂಪ್ ಶುರುವಾಯಿತು, ಯಾವುದು ನಿಂತಿತು ಎಂದು ಹೊಂದಿಸಿ ನೋಡಿ. ಬೆಳಿಗ್ಗೆ ಗ್ಯಾಲಿಯಲ್ಲಿ ಒಲೆ ಹಚ್ಚುವ ಹೊತ್ತಿಗೆ ಬಂದು ರಾತ್ರಿ ಹೋಗುವ ಅಲಾರಂ ಗ್ಯಾಲಿಯದ್ದೇ. ಕತ್ತಲಾಗುವಾಗ ಬಂದರೆ ಡೆಕ್ ದೀಪಗಳು. ಡೆಕ್ ತೊಳೆದ ಮೇಲೆ, ಮಳೆ ಬಂದ ಮೇಲೆ, ಅಲೆ ಮೇಲೇರಿದ ಮೇಲೆ ಬಂದರೆ ಹೊರಗಿನ ಸಾಕೆಟ್, ಫ್ಲಡ್‌ಲೈಟ್, ವಿಂಚ್. ರೀಫರ್ (ಶೀತಲೀಕೃತ) ಕಂಟೇನರ್ ಹತ್ತಿಸಿದ ಕೂಡಲೇ ಬಂದರೆ ಹೊಸದಾಗಿ ಪ್ಲಗ್ ಮಾಡಿದವುಗಳಿಂದ ಶುರುಮಾಡಿ. ಐದೋ ಹತ್ತೋ ನಿಮಿಷಕ್ಕೊಮ್ಮೆ ಬಂದು ಹೋಗುತ್ತಿದ್ದರೆ ಥರ್ಮೋಸ್ಟಾಟ್ ಇರುವ ಹೀಟರ್ ಅಥವಾ ಪ್ರೆಷರ್ ಸ್ವಿಚ್ ಮೇಲೆ ಓಡುವ ಪಂಪ್.

ಮೋಟರ್ ಓಡುವಾಗ ಮಾತ್ರ ರೀಡಿಂಗ್ ಬೀಳುತ್ತದೆಯೆಂದರೆ ಸೋರಿಕೆ ಕಾಂಟ್ಯಾಕ್ಟರಿನ (ಮೋಟರಿಗೆ ಕರೆಂಟು ಕೊಡುವ ಸ್ವಿಚ್ಚಿನ) ಆಚೆ, ಅಂದರೆ ಕೇಬಲ್ಲಿನಲ್ಲೋ ಮೋಟರಿನಲ್ಲೋ ಇದೆ. ನಿಂತಾಗ ಮಾತ್ರ ಬೀಳುತ್ತದೆಯೆಂದರೆ ಆ ಮೋಟರಿನ ಸ್ಪೇಸ್ ಹೀಟರ್ (ಒಳಗೆ ತೇವ ಕೂರದಂತೆ ತಡೆಯುವ ಸಣ್ಣ ಹೀಟರ್) ನೋಡಿ, ಅದು ಮೋಟರ್ ನಿಂತಾಗಲೇ ಹತ್ತುವುದು. ಹೆಚ್ಚಾಗಿ ಅದು 220 ವೋಲ್ಟ್ ಕಡೆಯಿಂದ ಬಂದಿರುತ್ತದೆ, ಹಾಗಿದ್ದರೆ ಅಲಾರಂ ಕೂಡ ಆ ಪ್ಯಾನೆಲ್‌ನದ್ದೇ ಆಗಿರುತ್ತದೆ.

ಇಷ್ಟಾದ ಮೇಲೆ ಚೀಫ್ ಎಂಜಿನಿಯರಿಗೆ ತಿಳಿಸಿ, ಬ್ರಿಡ್ಜ್‌ಗೆ (ಹಡಗು ನಡೆಸುವ ಕೋಣೆಗೆ) ಹೇಳಿ. ಬಂದರಿನ ಒಳಗೆ, ಕಿರಿದಾದ ಜಲಮಾರ್ಗದಲ್ಲಿ, ಸ್ಟ್ಯಾಂಡ್‌ಬೈನಲ್ಲಿ (ಎಂಜಿನ್ ಆದೇಶಕ್ಕೆ ಸಿದ್ಧವಾಗಿ ನಿಂತಿರುವಾಗ) ಫೀಡರ್ ಆಫ್ ಮಾಡುವ ಹುಡುಕಾಟ ಬೇಡ. ಟ್ಯಾಂಕರಿನಲ್ಲಿ ಅಪಾಯ ವಲಯಕ್ಕೆ ಹೋಗುವ ಸರ್ಕ್ಯೂಟಿನ ಮೇಲೆ ಅನುಮಾನವಿದ್ದರೆ ಅದನ್ನು ಮೊದಲು ಬಿಡಿಸಿ, ಮಿಕ್ಕ ವಿಚಾರ ಆಮೇಲೆ.

ಫೀಡರ್ ಒಂದೊಂದಾಗಿ

ಮೊದಲು ಅನಗತ್ಯ ಲೋಡುಗಳು: ಗ್ಯಾಲಿ, ಲಾಂಡ್ರಿ, ವರ್ಕ್‌ಶಾಪ್, ವೆಲ್ಡಿಂಗ್ ಸಾಕೆಟ್, ಡೆಕ್ ಯಂತ್ರಗಳು, ಏರ್ ಕಂಡೀಷನರ್. ಒಂದು ಬ್ರೇಕರ್ ತೆಗೆದ ಮೇಲೆ ಮೀಟರ್ ನೋಡುತ್ತಾ ನಿಲ್ಲಿ. ಜಾಲದ ಕೆಪ್ಯಾಸಿಟೆನ್ಸ್ ಕಾರಣದಿಂದ ಮುಳ್ಳು ತಕ್ಷಣ ಏರದು. ಅರ್ಧ ನಿಮಿಷವಾದರೂ ಕಾಯಿರಿ, ಡ್ರೈವ್‌ಗಳು ಹೆಚ್ಚಿರುವ ಹಡಗಿನಲ್ಲಿ ಇನ್ನೂ ಹೆಚ್ಚು. ಎರಡು ಸೆಕೆಂಡಿಗೆ ಒಂದು ಬ್ರೇಕರ್ ತೆಗೆದು ಹಾಕುತ್ತಾ ಹೋದರೆ ಕೆಟ್ಟ ಫೀಡರನ್ನೇ ದಾಟಿ ಮುಂದೆ ಹೋಗಿರುತ್ತೀರಿ.

ಮುಳ್ಳು ಪೂರ್ತಿ ಮೇಲಕ್ಕೆ ಹೋಗಲಿಲ್ಲ, ಸ್ವಲ್ಪವೇ ಸರಿಯಿತು ಎಂದರೆ ಆ ಫೀಡರನ್ನು ಬಿಟ್ಟುಕೊಡಬೇಡಿ. ಲೆಕ್ಕ ಸರಳ: ತೆಗೆಯುವ ಮುಂಚಿನ ಮತ್ತು ತೆಗೆದ ನಂತರದ ರೀಡಿಂಗ್‌ಗಳನ್ನು ಗುಣಿಸಿ, ಅವುಗಳ ವ್ಯತ್ಯಾಸದಿಂದ ಭಾಗಿಸಿ. 0.08 ಇದ್ದದ್ದು 0.4 ಆಯಿತು ಅಂದುಕೊಳ್ಳಿ. 0.032ನ್ನು 0.32ರಿಂದ ಭಾಗಿಸಿದರೆ 0.1. ಆ ಫೀಡರಿನ ಇನ್ಸುಲೇಶನ್ 0.1 ಮೆಗಾಓಮ್, ಅದು ಖಂಡಿತ ಕೆಟ್ಟಿದೆ. ಆದರೆ ಉಳಿದ ಜಾಲವೂ 0.4ರಲ್ಲೇ ಇದೆ, ಅಂದರೆ ಬೇರೆ ಸೋರಿಕೆಯೂ ಇರಬಹುದು. ಸಾಧ್ಯವಿದ್ದರೆ ಕೆಟ್ಟ ಫೀಡರನ್ನು ಆಫ್ ಇಟ್ಟುಕೊಂಡೇ ಮುಂದಿನದಕ್ಕೆ ಹೋಗಿ. ಒಂದೊಂದು ಸೋರಿಕೆ ಹೊರಬಿದ್ದಂತೆ ಮಿಕ್ಕವು ಸ್ಪಷ್ಟವಾಗಿ ಕಾಣತೊಡಗುತ್ತವೆ. ಪ್ರತಿ ಬಾರಿ ಮತ್ತೆ ಹಾಕಿಬಿಟ್ಟರೆ, ಎರಡು ಸಮಾನ ಸೋರಿಕೆಗಳಿರುವ ಜಾಲದಲ್ಲಿ ಆ ಎರಡರಲ್ಲಿ ಯಾವ ಫೀಡರ್ ತೆಗೆದರೂ ರೀಡಿಂಗ್ ಬರೀ ಎರಡು ಪಟ್ಟಾಗಿ ನಿಲ್ಲುತ್ತದೆ. ದಾರಿ ತಪ್ಪುವುದು ಇಲ್ಲೇ.

ಅಗತ್ಯ ಯಂತ್ರಗಳನ್ನು ಎಂದೂ ನೇರವಾಗಿ ಆಫ್ ಮಾಡಬೇಡಿ. ಸಮುದ್ರನೀರಿನ ಪಂಪ್, ಲ್ಯೂಬ್ ಆಯಿಲ್ ಪಂಪ್, ಸ್ಟಿಯರಿಂಗ್ ಎಲ್ಲಕ್ಕೂ ಜೋಡಿ ಇದೆ. ಎರಡನೆಯದನ್ನು ಓಡಿಸಿ, ಒತ್ತಡ ನಿಂತಿದೆಯೆಂದು ನೋಡಿ, ಆಮೇಲೆ ಮೊದಲನೆಯದನ್ನು ಬಿಡಿಸಿ. ಸ್ಟ್ಯಾಂಡ್‌ಬೈ ಆಟೋ ಸ್ಟಾರ್ಟ್ ಆಗದಂತೆ ಮ್ಯಾನುಯಲ್‌ಗೆ ಹಾಕುವುದು ಮರೆಯಬಾರದು. ನ್ಯಾವಿಗೇಶನ್ ದೀಪ, ಗೈರೋ, ರೇಡಾರ್ ಫೀಡರುಗಳನ್ನು ಬ್ರಿಡ್ಜ್‌ನವರು ಒಪ್ಪಿದ ಮೇಲಷ್ಟೇ ಮುಟ್ಟಿ. ಎಲ್ಲ ಫೀಡರ್ ನೋಡಿಯೂ ಮುಳ್ಳು ಅಲುಗದಿದ್ದರೆ ಜನರೇಟರ್ ಬದಲಿಸಿ ನೋಡಿ. ಬಸ್ ಟೈ (ಸ್ವಿಚ್‌ಬೋರ್ಡಿನ ಎರಡು ಭಾಗಗಳನ್ನು ಜೋಡಿಸುವ ಬ್ರೇಕರ್) ತೆಗೆದು ಎರಡು ಭಾಗಗಳನ್ನು ಬೇರೆ ಮಾಡಲು ಆಗುವ ಹಡಗಿನಲ್ಲಿ, ಮೊದಲೇ ಅದನ್ನು ಮಾಡಿದರೆ ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯುತ್ತದೆ.

220 ವೋಲ್ಟ್ ಲೈಟಿಂಗ್‌ನಲ್ಲಿ ದೀಪದ ಸುಳಿವು ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಒಂಟಿ ಫೇಸ್ ಲೋಡುಗಳು ಎರಡು ಫೇಸ್‌ಗಳ ನಡುವೆ ಕೂತಿರುತ್ತವೆ. ಆರ್ ದೀಪ ಆರಿದ್ದರೆ ಎಸ್-ಟಿ ಮೇಲಿನ ಸರ್ಕ್ಯೂಟುಗಳನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಬ್ರೇಕರ್ ಎರಡೂ ಪೋಲ್ ಬಿಡಿಸುತ್ತದೆಯೇ ನೋಡಿಕೊಳ್ಳಿ. ಗೋಡೆಯ ಸ್ವಿಚ್ ಒಂದೇ ತಂತಿ ಬಿಡಿಸುವಂಥದ್ದಾದರೆ, ಸ್ವಿಚ್ ಆಫ್ ಮಾಡಿದರೂ ಇನ್ನೊಂದು ತಂತಿಯ ಮೂಲಕ ಸೋರಿಕೆ ಉಳಿಯುತ್ತದೆ.

ಆಫ್ ಮಾಡದೆ ಹುಡುಕುವುದು

ಲೀಕೇಜ್ ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸ್ ತಂತಿಗಳನ್ನು ಒಟ್ಟಿಗೆ ಹಿಡಿದರೆ, ಹಲ್‌ಗೆ ಸೋರುವ ಮಿಲಿಆಂಪಿಯರ್ ಅಷ್ಟೇ ಕಾಣುತ್ತದೆ. ಆದರೆ ಬೇರ್ಪಟ್ಟ ಜಾಲದಲ್ಲಿ ಒಂದು ತೊಡಕಿದೆ. ಒಂದು ಫೇಸ್ ಅರ್ಥ್ ಆದಾಗ ಆರೋಗ್ಯವಾಗಿರುವ ಫೀಡರುಗಳೂ ತಮ್ಮ ಕೆಪ್ಯಾಸಿಟೆನ್ಸ್ ಕರೆಂಟನ್ನು ತೋರಿಸುತ್ತವೆ. ಕೆಟ್ಟ ಫೀಡರಿನಲ್ಲಿ ಕಾಣುವುದು ಉಳಿದವುಗಳೆಲ್ಲದರ ಮೊತ್ತ. ಆದ್ದರಿಂದ ‘ಇಲ್ಲಿ 30 ಮಿಲಿಆಂಪಿಯರ್ ಇದೆ’ ಎಂದು ನಿಲ್ಲದೆ ಎಲ್ಲ ಫೀಡರುಗಳನ್ನೂ ಅಳೆದು ಹೋಲಿಸಿ. ಸೋರಿಕೆಯ ರೋಧ ಹೆಚ್ಚಿದ್ದರೆ ಈ ದಾರಿ ಕೈಕೊಡುತ್ತದೆ. ಮಾನಿಟರಿನಿಂದಲೇ ಗುರುತಿನ ಪಲ್ಸ್ ಕಳಿಸಿ, ಅದನ್ನೇ ಹಿಂಬಾಲಿಸುವ ಫಾಲ್ಟ್ ಲೊಕೇಟರ್ ಹಡಗಿನಲ್ಲಿದ್ದರೆ ಅದೇ ಉತ್ತಮ. ಯಾವುದನ್ನು ಬಳಸಿದರೂ ಕೇಬಲ್ಲಿನ ಲೋಹದ ಹೆಣಿಗೆಯನ್ನು ಕ್ಲ್ಯಾಂಪಿನ ಹೊರಗಿಡಿ. ಸೋರಿಕೆ ಆ ಹೆಣಿಗೆಯ ಮೂಲಕವೇ ಮರಳುತ್ತಿದ್ದರೆ ಒಳಗೊಂದು ಹೊರಗೊಂದು ಹರಿದು ಮೀಟರಿನಲ್ಲಿ ಏನೂ ಕಾಣದೆ ಹೋಗಬಹುದು.

ಮೆಗ್ಗರ್ ಹಿಡಿಯುವಾಗ

ಫೀಡರ್ ಸಿಕ್ಕಿತು. ಈಗ ಬ್ರೇಕರ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ಕಟ್ಟಿ. ಟೆಸ್ಟರನ್ನು ಗೊತ್ತಿರುವ ಕರೆಂಟಿನ ಮೇಲೆ ಪರೀಕ್ಷಿಸಿ, ಸರ್ಕ್ಯೂಟ್ ಸತ್ತಿದೆಯೆಂದು ನೋಡಿ, ಟೆಸ್ಟರನ್ನು ಮತ್ತೊಮ್ಮೆ ಪರೀಕ್ಷಿಸಿ. 440 ವೋಲ್ಟ್ ಸರ್ಕ್ಯೂಟಿಗೆ 500 ವೋಲ್ಟ್ ಡಿಸಿ ಮೆಗ್ಗರ್ (ಇನ್ಸುಲೇಶನ್ ರೋಧ ಅಳೆಯುವ ಸಾಧನ). ಎಲೆಕ್ಟ್ರಾನಿಕ್ಸ್ ಏನೇ ಇದ್ದರೂ ಕಳಚಿಟ್ಟ ಮೇಲೆ ಮಾತ್ರ. ಡ್ರೈವ್ ಇದ್ದರೆ ಅದರ ಹೊರದಾರಿಯ ಮೂರೂ ತಂತಿ ಬಿಚ್ಚದೆ ಮೆಗ್ಗರ್ ಕೊಟ್ಟರೆ ಡ್ರೈವ್ ಸುಟ್ಟುಹೋಗಬಹುದು.

ಸ್ಟಾರ್ಟರಿನ ಕೆಳಗಿನಿಂದ ಒಮ್ಮೆ ಅಳೆಯಿರಿ. ಕಡಿಮೆ ಬಂದರೆ ಮೋಟರಿನ ಟರ್ಮಿನಲ್ ಬಾಕ್ಸ್ ಬಿಚ್ಚಿ, ಕೇಬಲ್ ಬೇರೆ ಮಾಡಿ, ಕೇಬಲ್ಲನ್ನೂ ಮೋಟರನ್ನೂ ಬೇರೆಬೇರೆ ಅಳೆಯಿರಿ. ಲಿಂಕ್ ಪಟ್ಟಿಗಳನ್ನು ತೆಗೆದರಷ್ಟೇ ಮೂರು ವೈಂಡಿಂಗ್‌ಗಳ ಲೆಕ್ಕ ಪ್ರತ್ಯೇಕವಾಗಿ ಸಿಗುತ್ತದೆ, ಇಲ್ಲದಿದ್ದರೆ ಮೂರರಲ್ಲೂ ಒಂದೇ ಸಂಖ್ಯೆ. 1 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಅದನ್ನು ಓಡಿಸಬೇಡಿ. ರೀಡಿಂಗ್ ಜೊತೆ ಉಷ್ಣತೆಯನ್ನೂ ಬರೆಯಿರಿ: ಅಂದಾಜು 10 ಡಿಗ್ರಿ ಏರಿದರೆ ಇನ್ಸುಲೇಶನ್ ಅರ್ಧಕ್ಕೆ ಇಳಿಯುತ್ತದೆ, ಬಿಸಿ ಮೋಟರಿನ ರೀಡಿಂಗನ್ನು ತಣ್ಣನೆಯದಕ್ಕೆ ಹೋಲಿಸಿ ಗಾಬರಿಯಾಗಬಾರದು. ಅಳತೆ ಮುಗಿದ ಮೇಲೆ ಕೇಬಲ್ಲಿನಲ್ಲಿ ಉಳಿದ ಚಾರ್ಜನ್ನು ಹಲ್‌ಗೆ ಇಳಿಸಿ.

ಎಲ್ಲಿ ಸಿಗುತ್ತದೆ

ಡೆಕ್ ಮೇಲಿನ ಫ್ಲಡ್‌ಲೈಟ್ ಒಂದನ್ನು ಬಿಚ್ಚಿ ನೋಡಿ. ಗ್ಲ್ಯಾಂಡಿನ (ಕೇಬಲ್ ಒಳಹೋಗುವ ಕಡೆ ನೀರು ತಡೆಯುವ ಬಿಗಿತದ) ರಬ್ಬರು ಗಟ್ಟಿಯಾಗಿ ಸೀಳಿರುತ್ತದೆ. ತಳದಲ್ಲಿ ಒಂದು ಬೆರಳಿನಷ್ಟು ತುಕ್ಕುನೀರು. ಟರ್ಮಿನಲ್ ತಿರುಪಿನ ಸುತ್ತ ಹಸಿರು ಕಿಲುಬು, ಅದರಿಂದ ಬಾಕ್ಸಿನ ಗೋಡೆಯವರೆಗೆ ಬಿಳಿ ಉಪ್ಪಿನ ಗೆರೆ. ಕರೆಂಟು ಸೋರುವ ದಾರಿ ಆ ಗೆರೆಯೇ. ನೀರು ಒರೆಸಿ ಮುಚ್ಚಿದರೆ ಸಾಲದು. ಉಪ್ಪು ಉಳಿದರೆ ಗಾಳಿಯ ತೇವವನ್ನು ಹೀರಿ ಮತ್ತೆ ಹಸಿಯಾಗುತ್ತದೆ. ಸಿಹಿನೀರಿನಿಂದ ತೊಳೆದು, ಒಣಗಿಸಿ, ಕೇಬಲ್ ತುದಿಯನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಗ್ಲ್ಯಾಂಡ್, ಹೊಸ ಗ್ಯಾಸ್ಕೆಟ್ ಹಾಕಬೇಕು. ಕೇಬಲ್ ಗ್ಲ್ಯಾಂಡಿಗೆ ಮೇಲಿನಿಂದ ಇಳಿಯುತ್ತಿದ್ದರೆ ಕೆಳಗೆ ಒಂದು ಬಾಗು ಕೊಟ್ಟು ತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಗ್ಯಾಲಿಯ ಹಾಟ್‌ಪ್ಲೇಟ್, ಅವನ್‌ಗಳ ಎಲಿಮೆಂಟಿನೊಳಗೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ತುದಿಯ ಸೀಲ್ ಬಿರುಕು ಬಿಟ್ಟರೆ ಅದು ತೇವ ಹೀರುತ್ತದೆ. ಬಹಳ ದಿನ ಬಳಸದ ಎಲಿಮೆಂಟ್ ಸೋರುವುದು, ಒಂದು ಗಂಟೆ ಕಾದ ಮೇಲೆ ಸರಿಹೋಗುವುದು ಇದರಿಂದಲೇ. ಬಿಚ್ಚಿ ಅವನ್‌ನಲ್ಲಿ ಕಾಯಿಸಿ ಒಣಗಿಸಿದರೆ ರೀಡಿಂಗ್ ಮರಳಬಹುದು. ಮರಳಿದ್ದು ಮತ್ತೆ ಮತ್ತೆ ಬೀಳುತ್ತಿದ್ದರೆ ಎಲಿಮೆಂಟನ್ನೇ ಬದಲಿಸಿ.

ಉಪ್ಪುನೀರು ನುಗ್ಗಿದ ಮೋಟರಿಗೂ ಕ್ರಮ ಅದೇ: ಮೊದಲು ಸಿಹಿನೀರಿನಲ್ಲಿ ತೊಳೆಯುವುದು, ಆಮೇಲೆ ಒಣಗಿಸುವುದು. ಟರ್ಮಿನಲ್ ಬಾಕ್ಸ್ ತೆರೆದಿಡಿ, ಹಬೆ ಹೊರಗೆ ಹೋಗಬೇಕು. ಬಿಸಿಯನ್ನು ನಿಧಾನ ಏರಿಸಿ, ವೈಂಡಿಂಗ್ 80 ಡಿಗ್ರಿ ದಾಟದಿರಲಿ. ಗಂಟೆಗೊಮ್ಮೆ ಮೆಗ್ಗರ್ ಹಿಡಿದರೆ ಮೊದಲ ಕೆಲವು ಗಂಟೆ ರೀಡಿಂಗ್ ಇಳಿಯುತ್ತದೆ. ಇದನ್ನು ಕಂಡು ಕೆಲಸ ನಿಲ್ಲಿಸಿಬಿಡುವವರಿದ್ದಾರೆ. ಬಿಸಿಯಾದ ವೈಂಡಿಂಗಿನಲ್ಲಿ ಹೀಗಾಗುವುದು ಸಹಜ, ತೇವ ಹೊರಟ ಮೇಲೆ ಅದು ಏರತೊಡಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿಂತ ಮೇಲೆ ತಣ್ಣಗಾಗಲು ಬಿಟ್ಟು, ವಾರ್ನಿಷ್ ಕೊಟ್ಟು, ಮತ್ತೆ ಒಣಗಿಸಿ.

24 ವೋಲ್ಟ್ ಡಿಸಿ

ವೋಲ್ಟೇಜ್ ಕಡಿಮೆ, ಶಾಕ್ ಇಲ್ಲ ಎಂದು ಇದನ್ನು ಹಗುರಾಗಿ ಕಾಣುವುದು ತಪ್ಪು. ಕಂಟ್ರೋಲ್ ಸರ್ಕ್ಯೂಟಿನಲ್ಲಿ ಒಂದು ಸ್ವಿಚ್ಚಿನ ಎರಡೂ ಬದಿ ಹಲ್‌ಗೆ ತಾಗಿದರೆ ಆ ಸ್ವಿಚ್ ಇದ್ದೂ ಇಲ್ಲದಂತೆ. ತಾನೇ ಶುರುವಾಗುವ ಪಂಪ್, ಎಮರ್ಜೆನ್ಸಿ ಸ್ಟಾಪ್ ಒತ್ತಿದರೂ ನಿಲ್ಲದ ಯಂತ್ರ ಇದರಿಂದ ಬರುತ್ತವೆ.

ಬ್ಯಾಟರಿಯ ಎರಡು ತುದಿಯಿಂದ ಹಲ್‌ಗೆ ವೋಲ್ಟೇಜ್ ಅಳೆಯಿರಿ. ಎರಡೂ ಕಡೆ ಸುಮಾರು 12 ಇದ್ದರೆ ಸಮತೋಲ, ಪ್ಲಸ್‌ನಿಂದ ಹಲ್‌ಗೆ ಸೊನ್ನೆ ಬಂದರೆ ಪ್ಲಸ್ ಅರ್ಥ್ ಆಗಿದೆ. ಎರಡೂ ಕಡೆ ಸಮನಾಗಿ ಸೋರುತ್ತಿದ್ದರೂ 12-12 ಬರುತ್ತದೆ, ಅದನ್ನು ಇನ್ಸುಲೇಶನ್ ಮಾನಿಟರಿನಿಂದಷ್ಟೇ ತಿಳಿಯಬಹುದು. ಮೊದಲು ಬ್ಯಾಟರಿಯ ಮೇಲ್ಮೈ ಒರೆಸಿ, ಆಸಿಡ್ ಮತ್ತು ಧೂಳಿನ ಪದರವೇ ಸೋರಿಕೆಯ ದಾರಿಯಾಗಿರುತ್ತದೆ. ಆಮೇಲೆ ಬಿಲ್ಜ್ (ಹಡಗಿನ ತಳದಲ್ಲಿ ನೀರು ಸೇರುವ ಜಾಗದ) ಫ್ಲೋಟ್ ಸ್ವಿಚ್, ಸೊಲೆನಾಯ್ಡ್ ವಾಲ್ವ್, ಟ್ಯಾಂಕ್ ಲೆವೆಲ್ ಸೆನ್ಸರ್. ಫ್ಯೂಸ್ ಒಂದೊಂದಾಗಿ ತೆಗೆಯುವ ಕೆಲಸವನ್ನು ಮುಖ್ಯ ಎಂಜಿನ್ ನಿಂತಿರುವಾಗಲೇ ಮಾಡಿ, ಸೇಫ್ಟಿ ಸಿಸ್ಟಂನ ಫ್ಯೂಸ್ ಕೈಗೆ ಬಂದರೆ ಎಂಜಿನ್ ಟ್ರಿಪ್ ಆಗಬಹುದು. ಇಲ್ಲಿ 500 ವೋಲ್ಟ್ ಮೆಗ್ಗರ್ ಬೇಡವೇ ಬೇಡ.

ಮತ್ತೆ ಕರೆಂಟು ಕೊಡುವಾಗ

ಬ್ರೇಕರ್ ಹಾಕಿ ಅರ್ಧ ನಿಮಿಷ ಮೀಟರ್ ನೋಡಿ, ಆಮೇಲೆ ಯಂತ್ರವನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ ಇನ್ನೊಮ್ಮೆ ನೋಡಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಬೀಳುವ ವೈಂಡಿಂಗ್ ಇದೇ ಹೊತ್ತಿನಲ್ಲಿ ಸಿಕ್ಕಿಬೀಳುತ್ತದೆ. ಹುಡುಕಾಟದ ವೇಳೆ ಅಲಾರಂ ಮಿತಿಯನ್ನು ಇಳಿಸಿದ್ದರೆ ಹಳೆಯ ಮಟ್ಟಕ್ಕೆ ತನ್ನಿ. ಮ್ಯಾನುಯಲ್‌ನಲ್ಲಿಟ್ಟ ಸ್ಟ್ಯಾಂಡ್‌ಬೈ ಪಂಪನ್ನು ಆಟೋಗೆ ಹಾಕಿ. ಫಾಲ್ಟ್ ಇದ್ದ ಜಾಗ, ಯಾವ ಫೇಸ್, ಮುಂಚಿನ ರೀಡಿಂಗ್, ಸರಿಪಡಿಸಿದ ಮೇಲಿನ ರೀಡಿಂಗ್, ಆ ಹೊತ್ತಿನ ಉಷ್ಣತೆ ಇಷ್ಟನ್ನೂ ಇನ್ಸುಲೇಶನ್ ಪುಸ್ತಕದಲ್ಲಿ ಬರೆದು, ಇಡೀ ಜಾಲದ ಹೊಸ ರೀಡಿಂಗನ್ನು ಮುಂದಿನ ವಾಚ್‌ನವರಿಗೆ ಬಾಯಿಯಲ್ಲೂ ಹೇಳಿ ಹೋಗಿ.